ಕಾವಲು ತೆಗೆದವನು ಕೊಂದವನೇ?

ಕೊಲ್ಲುವುದು ಬೇರೆ, ಸಾಯಲು ಬಿಡುವುದು ಬೇರೆ ಎಂಬ ಒಂದು ಗೆರೆಯ ಮೇಲೆ ನಮ್ಮ ನೀತಿವಿಚಾರದ, ಕಾನೂನಿನ, ವೈದ್ಯವೃತ್ತಿಯ ಎಷ್ಟೋ ತೀರ್ಮಾನಗಳು ನಿಂತಿವೆ. ವಿಷ ಹಾಕಿದವನನ್ನು ಕೊಲೆಗಾರನೆಂದು ಕರೆಯಲು ನಾವು ಹಿಂಜರಿಯುವುದಿಲ್ಲ. ಕಾಯುತ್ತಿದ್ದ ಕೈಯನ್ನು ಹಿಂದೆಗೆದವನ ವಿಷಯ ಬಂದಾಗ ಮಾತ್ರ ನಾಲಗೆ ತಡವರಿಸುತ್ತದೆ. ಅವನೇನೂ ಮಾಡಲಿಲ್ಲ, ಆಗಬೇಕಾದದ್ದು ಆಯಿತು ಎನ್ನುತ್ತೇವೆ. ಈ ಗೆರೆ ಕಾರ್ಯಕಾರಣಗಳ ಲೋಕದಲ್ಲಿ ನಿಜವಾಗಿ ಇದೆಯೇ, ಅಥವಾ ಮನಸ್ಸಿನ ಸಮಾಧಾನಕ್ಕಾಗಿ ನಾವೇ ಎಳೆದುಕೊಂಡದ್ದೇ? ಪ್ರಶ್ನೆ ಹಳೆಯದು, ಭಾರತೀಯ ದರ್ಶನಗಳು ಇದರ ಬೇರನ್ನು ಹಿಡಿದು ಶತಮಾನಗಳ ಕಾಲ ವಾದ ಮಾಡಿವೆ. ಆ ವಾದಗಳನ್ನು ಒರೆಗೆ ಹಚ್ಚಬಹುದಾದ ಒಂದು ಬಗೆಯ ಸಾವು ಈಗ ಕ್ಯಾನ್ಸರ್ ಸಂಶೋಧನೆಯ ಪ್ರಯೋಗಾಲಯಗಳಲ್ಲಿ ದಿನನಿತ್ಯ ನಡೆಯುತ್ತಿದೆ. ಅದರ ಹೆಸರು ಫೆರಾಪ್ಟೋಸಿಸ್. ಅದನ್ನು ಬರಿಸಲು ಹೆಚ್ಚಾಗಿ ಬಳಸುವ ರಾಸಾಯನಿಕಗಳಲ್ಲಿ ಒಂದು ಆರ್‌ಎಸ್‌ಎಲ್3. ಈ ಪುಟ್ಟ ಅಣು ಕೋಶದೊಳಗೆ ಹೋದಾಗ ಏನಾಗುತ್ತದೆ ಎಂಬುದನ್ನು ಎಚ್ಚರದಿಂದ ನೋಡಿದರೆ, ಕಾವಲು ತೆಗೆಯುವುದೂ ಪೂರ್ಣ ಅರ್ಥದಲ್ಲಿ ಒಂದು ಕಾರಣವೇ ಎಂದು ಒಪ್ಪಬೇಕಾಗುತ್ತದೆ ಎಂಬುದು ನನ್ನ ವಾದ. ಒಪ್ಪಿದ ಮೇಲೆ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಾವು ಆಡುವ ಕೆಲವು ಮಾತುಗಳನ್ನು ಬದಲಿಸಬೇಕಾಗುತ್ತದೆ.

ಮೊದಲು ಸಂಗತಿ. 2003ರಲ್ಲಿ ಅಮೆರಿಕದ ವೈಟ್‌ಹೆಡ್ ಸಂಸ್ಥೆಯಲ್ಲಿದ್ದ ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಸಂಗಡಿಗರು 23,550 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ರಾಸ್ ಎಂಬ ಕ್ಯಾನ್ಸರ್ ಜೀನನ್ನು ಸೇರಿಸಿದ ಮನುಷ್ಯ ಕೋಶಗಳನ್ನು ಮಾತ್ರ ಕೊಂದು, ಅದೇ ಮೂಲದ ಸಾಮಾನ್ಯ ಕೋಶಗಳನ್ನು ಉಳಿಸುವ ಒಂದನ್ನು ಕಂಡುಕೊಂಡರು. ಅದಕ್ಕೆ ಎರಾಸ್ಟಿನ್ ಎಂದು ಹೆಸರಿಟ್ಟರು. 2008ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರದೇ ಗುಂಪು ಅದೇ ಹುಡುಕಾಟದಲ್ಲಿ ಆರ್‌ಎಸ್‌ಎಲ್3ನ್ನು ಪತ್ತೆಹಚ್ಚಿತು. ಕೋಶಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಆದರೆ ಆವರೆಗೆ ತಿಳಿದಿದ್ದ ಯಾವ ಬಗೆಯಲ್ಲೂ ಅಲ್ಲ. ಅಪೊಪ್ಟೋಸಿಸ್ ಎಂಬ ಸಾವು 1972ರಲ್ಲೇ ಹೆಸರು ಪಡೆದಿತ್ತು. ಅದರಲ್ಲಿ ಕೋಶದೊಳಗೆ ಕ್ಯಾಸ್ಪೇಸ್ ಎಂಬ ಕಿಣ್ವಗಳಿವೆ. ಸಮಯ ಬಂದಾಗ ಅವು ಎದ್ದು ಕೋಶವನ್ನು ಅಚ್ಚುಕಟ್ಟಾಗಿ ಕತ್ತರಿಸಿ ಮಡಿಸುತ್ತವೆ. ಸಿ. ಎಲಿಗನ್ಸ್ ಎಂಬ ಹುಳದ ಬೆಳವಣಿಗೆಯಲ್ಲಿ ಹುಟ್ಟುವ 1090 ದೇಹಕೋಶಗಳಲ್ಲಿ 131 ಹೀಗೆ ಗೊತ್ತಾದ ಹೊತ್ತಿಗೆ ಸಾಯುತ್ತವೆ. ಎರಾಸ್ಟಿನ್ ಮತ್ತು ಆರ್‌ಎಸ್‌ಎಲ್3 ತರುವ ಸಾವನ್ನು ಕ್ಯಾಸ್ಪೇಸ್‌ಗಳನ್ನು ತಡೆದರೂ ನಿಲ್ಲಿಸಲಾಗಲಿಲ್ಲ. ಅದನ್ನು ನಿಲ್ಲಿಸಿದ್ದು ಡೆಫೆರಾಕ್ಸಮೀನ್, ಅಂದರೆ ಥಲಸ್ಸೀಮಿಯಾ ರೋಗಿಗಳ ಮೈಯಲ್ಲಿ ತುಂಬಿಕೊಳ್ಳುವ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕಲು ದಶಕಗಳಿಂದ ಕೊಡುತ್ತಿರುವ ಔಷಧ. ಕಬ್ಬಿಣವನ್ನು ಹಿಡಿದಿಟ್ಟರೆ ಕೋಶ ಬದುಕುತ್ತದೆ. 2012ರಲ್ಲಿ ಸ್ಕಾಟ್ ಡಿಕ್ಸನ್, ಸ್ಟಾಕ್‌ವೆಲ್ ಮತ್ತು ಸಹೋದ್ಯೋಗಿಗಳು ಇದನ್ನು ಬೇರೆಯೇ ಬಗೆಯ ಸಾವೆಂದು ಘೋಷಿಸಿ ಫೆರಾಪ್ಟೋಸಿಸ್ ಎಂದು ಕರೆದರು. ಜೊತೆಗೆ ಅದನ್ನು ತಡೆಯುವ ಫೆರೋಸ್ಟ್ಯಾಟಿನ್-1 ಎಂಬ ಅಣುವನ್ನೂ ಕೊಟ್ಟರು.

ಇದು ನಡೆಯುವ ಬಗೆ ಹೀಗೆ. ಕೋಶದ ಪೊರೆ ಕೊಬ್ಬಿನಿಂದ ಆದದ್ದು. ಆ ಕೊಬ್ಬಿನಲ್ಲಿ ಒಂದು ಪಾಲು ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳದು. ಅವು ಇರುವುದರಿಂದಲೇ ಪೊರೆ ಮೆದುವಾಗಿ, ಬಾಗಿ ಬಳುಕುವಂತೆ ಇರುತ್ತದೆ. ಅವು ಇರುವುದರಿಂದಲೇ ಪೊರೆಗೆ ಅಪಾಯವೂ ಇದೆ, ಏಕೆಂದರೆ ಆಮ್ಲಜನಕ ಅವುಗಳನ್ನು ಸುಲಭವಾಗಿ ಹಿಡಿಯುತ್ತದೆ. ಅಡುಗೆಮನೆಯ ಎಣ್ಣೆ ಹಳತಾಗಿ ಕಮಟು ಹಿಡಿಯುವುದೂ ಇದೇ ರಸಾಯನಕ್ರಿಯೆ. ಕೋಶದೊಳಗೆ ಇದನ್ನು ಚುರುಕುಗೊಳಿಸಲು ಕಬ್ಬಿಣವಿದೆ. ಪರಾಕ್ಸೈಡ್‌ಗಳೊಡನೆ ಸೇರಿದಾಗ ಕಬ್ಬಿಣ ಎಂಥ ಉಗ್ರ ಕ್ರಿಯೆ ನಡೆಸುತ್ತದೆ ಎಂಬುದನ್ನು ಹೆನ್ರಿ ಫೆಂಟನ್ 1894ರಲ್ಲೇ ಪ್ರಕಟಿಸಿದ್ದರು. ಒಂದು ಕೊಬ್ಬಿನ ಅಣು ಪರಾಕ್ಸೈಡ್ ಆದರೆ ಪಕ್ಕದ್ದನ್ನು ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು. ಇದನ್ನು ತಡೆಯಲು ಕೋಶ ಇಟ್ಟುಕೊಂಡಿರುವ ಕಾವಲು ಜಿಪಿಎಕ್ಸ್4 ಎಂಬ ಕಿಣ್ವ. ಇಟಲಿಯ ಪಡೋವಾದಲ್ಲಿ ಫುಲ್ವಿಯೊ ಉರ್ಸಿನಿ ಮತ್ತು ಸಂಗಡಿಗರು 1982ರಲ್ಲಿ ಇದನ್ನು ಬೇರ್ಪಡಿಸಿದರು. ಇದರ ಹೃದಯದಲ್ಲಿ ಸೆಲೆನಿಯಂನ ಒಂದು ಪರಮಾಣು ಇದೆ. ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಖರ್ಚು ಮಾಡುತ್ತ, ಪೊರೆಯಲ್ಲಿ ಹುಟ್ಟುವ ಪರಾಕ್ಸೈಡನ್ನು ಇದು ನಿರಪಾಯವಾದ ಆಲ್ಕೋಹಾಲ್ ಆಗಿ ಮಾರ್ಪಡಿಸುತ್ತದೆ. ಎರಾಸ್ಟಿನ್ ಮಾಡುವುದು ಗ್ಲುಟಾಥಯೋನ್ ತಯಾರಿಗೆ ಬೇಕಾದ ಸಿಸ್ಟೀನ್ ಕೋಶದೊಳಕ್ಕೆ ಬರುವ ಬಾಗಿಲನ್ನು ಮುಚ್ಚುವ ಕೆಲಸ. ಆರ್‌ಎಸ್‌ಎಲ್3 ಇನ್ನೂ ನೇರವಾದದ್ದು. 2014ರಲ್ಲಿ ಪ್ರಕಟವಾದ ಅಧ್ಯಯನದಂತೆ ಅದು ಜಿಪಿಎಕ್ಸ್4ಕ್ಕೇ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಅದು ಪೊರೆಯನ್ನು ಹರಿಯುವುದಿಲ್ಲ, ಡಿಎನ್‌ಎಯನ್ನು ತುಂಡರಿಸುವುದಿಲ್ಲ. ಪೊರೆಯನ್ನು ಹರಿಯುವುದು ಕೋಶದ ಸ್ವಂತ ಕಬ್ಬಿಣ, ಅದು ಉಸಿರಾಡಲು ಬಳಸುವ ಆಮ್ಲಜನಕ, ಅದು ತನಗಾಗಿ ಕಟ್ಟಿಕೊಂಡ ಕೊಬ್ಬು. ಬದುಕಿಗೆ ಬೇಕಾದ ಮೂರು ವಸ್ತುಗಳೇ ಸೇರಿ ಬದುಕನ್ನು ಮುಗಿಸುತ್ತವೆ. ಹಾಗಾದರೆ ಕೋಶವನ್ನು ಕೊಂದದ್ದು ಯಾವುದು?

ನ್ಯಾಯಶಾಸ್ತ್ರ ಓದಿದವರಿಗೆ ಇಲ್ಲಿ ಕೂಡಲೇ ನೆನಪಾಗುವುದು ಬೆಂಕಿ ಮತ್ತು ಮಣಿಯ ಉದಾಹರಣೆ. ಚಂದ್ರಕಾಂತ ಮಣಿ ಹತ್ತಿರವಿದ್ದರೆ ಬೆಂಕಿ ಸುಡುವುದಿಲ್ಲ, ದೂರ ಸರಿಸಿದರೆ ಸುಡುತ್ತದೆ ಎಂದು ಹಿಂದಿನವರು ನಂಬಿದ್ದರು. ಅಂಥ ಮಣಿ ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಅದನ್ನು ನೆಪ ಮಾಡಿಕೊಂಡು ಅವರು ಎತ್ತಿದ ಪ್ರಶ್ನೆ ಮುಖ್ಯ. ಬೆಂಕಿ ಎರಡೂ ಸಲ ಅದೇ. ಕಾಣುವ ಯಾವ ಗುಣವೂ ಬದಲಾಗಿಲ್ಲ. ಆದರೂ ಒಮ್ಮೆ ಸುಡುತ್ತದೆ, ಒಮ್ಮೆ ಸುಡುವುದಿಲ್ಲ. ಮೀಮಾಂಸಕರು ಹೇಳಿದರು: ಬೆಂಕಿಯಲ್ಲಿ ಕಣ್ಣಿಗೆ ಕಾಣದ ಶಕ್ತಿ ಎಂಬ ಬೇರೆಯೇ ಪದಾರ್ಥವಿದೆ, ಮಣಿ ಅದನ್ನು ನಾಶಮಾಡುತ್ತದೆ, ಮಣಿ ಸರಿದಾಗ ಅದು ಮತ್ತೆ ಹುಟ್ಟುತ್ತದೆ. ಹತ್ತನೆಯ ಶತಮಾನದ ನೈಯಾಯಿಕ ಉದಯನಾಚಾರ್ಯರು ಇದನ್ನು ಒಪ್ಪಲಿಲ್ಲ. ಶಕ್ತಿಯ ಕಲ್ಪನೆ ಬೇಡ, ಸುಡುವುದಕ್ಕೆ ಬೆಂಕಿ ಹೇಗೆ ಕಾರಣವೋ ಮಣಿಯ ಅಭಾವವೂ ಹಾಗೆಯೇ ಕಾರಣ ಎಂದರು. ಪ್ರತಿಬಂಧಕ ಇಲ್ಲದಿರುವುದು ಕಾರಣಸಾಮಗ್ರಿಯ ಒಂದು ಭಾಗ. ಕನ್ನಡ ನಾಡಿನಲ್ಲಿ ಬೆಳೆದ ದ್ವೈತಮತ ಈ ವಿಷಯದಲ್ಲಿ ನೈಯಾಯಿಕರ ಕಡೆಗೆ ನಿಲ್ಲಲಿಲ್ಲ. ಅದು ಶಕ್ತಿಯನ್ನು ಸ್ವತಂತ್ರ ಪದಾರ್ಥವೆಂದು ಒಪ್ಪಿ ಅಚಿಂತ್ಯ, ಆಧೇಯ, ಸಹಜ, ಪದ ಎಂದು ನಾಲ್ಕು ಬಗೆ ಮಾಡಿತು. ವಿಜಯನಗರದ ಕಾಲದ ವ್ಯಾಸತೀರ್ಥರು ‘ತರ್ಕತಾಂಡವ’ವನ್ನು ಬರೆದದ್ದೇ ನ್ಯಾಯದ ಮತಗಳನ್ನು ಎದುರಿಸಲು. ಇವರೆಲ್ಲರಿಗಿಂತ ಬೇರೆ ದಾರಿ ಹಿಡಿದವರು ಬೌದ್ಧರು. ವಸುಬಂಧು ‘ಅಭಿಧರ್ಮಕೋಶ’ದಲ್ಲಿ ವಾದಿಸಿದ್ದು ಇದು: ನಾಶಕ್ಕೆ ಕಾರಣವೇ ಬೇಡ. ನಾಶ ಎಂದರೆ ಇಲ್ಲದಿರುವುದು. ಇಲ್ಲದಿರುವುದನ್ನು ಯಾರೂ ತಯಾರಿಸಲಾರರು. ಹುಟ್ಟಿದ ಪ್ರತಿಯೊಂದೂ ಹುಟ್ಟಿದ ಕ್ಷಣದಲ್ಲೇ ತಾನಾಗಿ ಅಳಿಯುತ್ತದೆ. ಕಟ್ಟಿಗೆಯನ್ನು ಬೆಂಕಿ ನಾಶಮಾಡಿತು ಎಂಬುದು ನಮ್ಮ ಊಹೆ, ಕಣ್ಣಿಗೆ ಕಂಡದ್ದಲ್ಲ.

ಫೆರಾಪ್ಟೋಸಿಸ್‌ನ ಮೊದಲ ನೋಟಕ್ಕೆ ಹೆಚ್ಚು ಹೊಂದುವಂತೆ ಕಾಣುವುದು ಬೌದ್ಧರ ಮಾತೇ. ಅವರ ಕಣ್ಣಲ್ಲಿ ಕೋಶ ಎಂಬುದು ಒಂದು ವಸ್ತುವಲ್ಲ, ಕ್ಷಣಕ್ಷಣಕ್ಕೂ ಮತ್ತೆ ಹುಟ್ಟಿಸಬೇಕಾದ ಒಂದು ಸಂತಾನ, ಅಂದರೆ ಹರಿವು. ಜಿಪಿಎಕ್ಸ್4 ಪ್ರತಿ ಕ್ಷಣವೂ ಪೊರೆಯನ್ನು ದುರಸ್ತಿ ಮಾಡುತ್ತಿದೆ. ಅದು ನಿಂತ ಕೂಡಲೇ ಕೋಶ ಇಲ್ಲ. ಆರ್‌ಎಸ್‌ಎಲ್3 ಕೊಲ್ಲಲಿಲ್ಲ, ಮುಂದಿನ ಕ್ಷಣ ಹುಟ್ಟಲು ಬೇಕಾದ ನೆರವನ್ನು ಕಳೆಯಿತು, ಅಷ್ಟೆ. ಈ ಓದಿನಲ್ಲಿ ಒಂದು ಆಳವಾದ ಸತ್ಯವಿದೆ. ಬದುಕು ಎಂಬುದು ಇಟ್ಟಲ್ಲಿ ಇರುವ ಸ್ಥಿತಿಯಲ್ಲ, ಎಡೆಬಿಡದ ಕೆಲಸ ಎಂದು ಅದು ತೋರಿಸುತ್ತದೆ. ಆದರೆ ಅದು ಸಾಕ್ಷ್ಯಕ್ಕೆ ಪೂರ್ತಿ ಹೊಂದುವುದಿಲ್ಲ. 2017ರಲ್ಲಿ ಜರ್ಮನಿಯ ಮಾರ್ಕುಸ್ ಕಾನ್ರಾಡ್ ಅವರ ಗುಂಪು ಮತ್ತು ಸಹೋದ್ಯೋಗಿಗಳು ಎಸಿಎಸ್‌ಎಲ್4 ಎಂಬ ಇನ್ನೊಂದು ಕಿಣ್ವವನ್ನು ಕೋಶಗಳಿಂದ ತೆಗೆದುಹಾಕಿದರು. ಬೇಗ ಕೆಡುವ ಕೊಬ್ಬಿನಾಮ್ಲಗಳನ್ನು ಪೊರೆಗೆ ಸೇರಿಸಲು ನೆರವಾಗುವುದು ಇದು. ಇದಿಲ್ಲದ ಕೋಶಗಳಲ್ಲಿ ಜಿಪಿಎಕ್ಸ್4ನ್ನೂ ತೆಗೆದರು. ಕೋಶಗಳು ತಟ್ಟೆಯಲ್ಲಿ ಬದುಕಿಯೇ ಇದ್ದವು. ಕೆಡಲು ಇಂಧನವೇ ಇಲ್ಲದಿದ್ದರೆ ಕಾವಲು ಬೇಡ. ನಾಶ ತಾನಾಗಿಯೇ ಬರುವುದಾಗಿದ್ದರೆ, ಯಾವ ಕೊಬ್ಬು ಇದೆ, ಎಷ್ಟು ಕಬ್ಬಿಣ ಇದೆ ಎಂಬುದನ್ನು ಅದು ಹೀಗೆ ಕೇಳಿಕೊಂಡು ಬರಬೇಕಾಗಿರಲಿಲ್ಲ. ಇದು ಗೊತ್ತಾದ ಕಾರಣಗಳಿರುವ ನಾಶ. ಬೌದ್ಧ ತಾರ್ಕಿಕ ಇಲ್ಲಿ ಸುಮ್ಮನಾಗುವುದಿಲ್ಲ ಎಂಬುದು ನಿಜ. ಕಬ್ಬಿಣ ಮತ್ತು ಕೊಬ್ಬು ನಾಶವನ್ನು ಮಾಡಲಿಲ್ಲ, ಬದುಕಿನ ಸಂತಾನದ ಬದಲಿಗೆ ಸಾವಿನ ಸಂತಾನ ಹುಟ್ಟುವಂತೆ ಮಾಡಿದವು, ಕ್ಷಣಕ್ಷಣದ ಅಳಿವು ಮಾತ್ರ ಎರಡರಲ್ಲೂ ಅಕಾರಣವೇ ಎನ್ನುತ್ತಾನೆ. ಕ್ಷಣದ ಮಟ್ಟದ ಆ ಮಾತನ್ನು ಯಾವ ಪ್ರಯೋಗಾಲಯವೂ ಖಂಡಿಸಲಾರದು. ಆದರೆ ನಾವು ಕೇಳುತ್ತಿರುವುದು ಕೋಶ ಏಕೆ ಸತ್ತಿತು ಎಂದು. ಆ ಪ್ರಶ್ನೆಗೆ ಉತ್ತರ ಕೊಡಲು ಅವನೂ ಕೊನೆಗೆ ಕಾರಣಗಳ ಪಟ್ಟಿಯನ್ನೇ ಹಿಡಿಯಬೇಕಾಯಿತು.

ಶಕ್ತಿವಾದಕ್ಕೆ ಬರೋಣ. ಜಿಪಿಎಕ್ಸ್4 ಇರುವಾಗ ಕಬ್ಬಿಣದ ದಹಿಸುವ ಶಕ್ತಿ ಅಡಗಿರುತ್ತದೆ, ಆರ್‌ಎಸ್‌ಎಲ್3 ಬಂದಾಗ ಮತ್ತೆ ಏಳುತ್ತದೆ ಎಂದು ಹೇಳಬಹುದಲ್ಲ? ಹೇಳಲಾಗುವುದಿಲ್ಲ. ಜಿಪಿಎಕ್ಸ್4 ಕಬ್ಬಿಣವನ್ನು ಮುಟ್ಟುವುದೇ ಇಲ್ಲ. ಆರೋಗ್ಯವಾಗಿರುವ ಕೋಶದಲ್ಲೂ ಪರಾಕ್ಸೈಡ್ ಹುಟ್ಟುತ್ತಲೇ ಇರುತ್ತದೆ. ಕಿಣ್ವ ಮಾಡುವುದು ಹುಟ್ಟಿದ್ದನ್ನು ಒಡನೊಡನೆ ಅಳಿಸುವ ಕೆಲಸ. ಕಬ್ಬಿಣದ ಶಕ್ತಿ ಒಂದು ಗಳಿಗೆಯೂ ಅಡಗಿರಲಿಲ್ಲ. ಇಲ್ಲಿ ನನಗೆ ನ್ಯಾಯದ ಉದಾಹರಣೆಯನ್ನೂ ಸ್ವಲ್ಪ ತಿದ್ದಬೇಕಾಗಿ ಕಾಣುತ್ತದೆ. ಮಣಿಯ ಕಥೆಯಲ್ಲಿ ಬೆಂಕಿ ಸುಮ್ಮನಿರುತ್ತದೆ, ಮಣಿ ಸರಿದಾಗ ಸುಡಲು ಶುರುಮಾಡುತ್ತದೆ. ಕೋಶದಲ್ಲಿ ಬೆಂಕಿ ಸುಡುತ್ತಲೇ ಇದೆ, ಆರಿಸುತ್ತಲೂ ಇದ್ದಾರೆ. ಆದ್ದರಿಂದ ಇಲ್ಲಿ ಪ್ರತಿಬಂಧಕ ತಡೆಯುವುದು ಕಾರಣದ ಕೆಲಸವನ್ನಲ್ಲ, ಅದರ ಕೊನೆಯ ಫಲವನ್ನು. ಈ ತಿದ್ದುಪಡಿಯಿಂದ ನೈಯಾಯಿಕರ ಮೂಲ ಮಾತು ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಬೆಂಕಿ ಸದಾ ಇರುವಾಗ, ಒಂದು ಕೋಶ ಬದುಕಿ ಇನ್ನೊಂದು ಸಾಯುವುದಕ್ಕೆ ವ್ಯತ್ಯಾಸ ತರುವುದು ಆರಿಸುವವನ ಇರವು ಮತ್ತು ಅಭಾವ ಮಾತ್ರ. ನ್ಯಾಯದ ನಂತರದ ಕವಲಾದ ನವ್ಯನ್ಯಾಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮಣಿ ಹತ್ತಿರವೇ ಇದ್ದರೂ ಉತ್ತೇಜಕ ಎಂಬ ಮತ್ತೊಂದು ವಸ್ತುವನ್ನು ತಂದಿಟ್ಟರೆ ಬೆಂಕಿ ಸುಡುತ್ತದೆ ಎಂದು ಆಕ್ಷೇಪ ಬಂದಾಗ, ಕಾರಣವಾಗುವುದು ಬರಿಯ ಮಣಿಯ ಅಭಾವವಲ್ಲ, ಉತ್ತೇಜಕವಿಲ್ಲದ ಮಣಿಯ ಅಭಾವ ಎಂದು ಅವರು ಲಕ್ಷಣವನ್ನು ಬಿಗಿಗೊಳಿಸಿದರು. ಓದುವಾಗ ಕೂದಲು ಸೀಳುವಂತೆ ಅನ್ನಿಸುವ ಈ ಮಾತಿಗೆ ಆರ್‌ಎಸ್‌ಎಲ್3ಗಿಂತ ಚೆನ್ನಾದ ದೃಷ್ಟಾಂತ ಸಿಗಲಾರದು. ಜೀನನ್ನೇ ತೆಗೆದ ಕೋಶದಲ್ಲಿ ಕಾವಲು ಇಲ್ಲ. ಆರ್‌ಎಸ್‌ಎಲ್3 ಹಾಕಿದ ಕೋಶದಲ್ಲಿ ಕಾವಲು ತನ್ನ ಜಾಗದಲ್ಲೇ ನಿಂತಿದೆ, ಆದರೆ ಕೈಕಟ್ಟಿಸಿಕೊಂಡಿದೆ. ಎರಡರಲ್ಲೂ ಸಾವು ಒಂದೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಹಗುರವಾದದ್ದನ್ನು ಮೊದಲು ನೋಡೋಣ. ಆರ್‌ಎಸ್‌ಎಲ್3 ಅಷ್ಟು ಶುದ್ಧವಾದ ಸಾಧನವಲ್ಲ ಎಂದು ವಿಜ್ಞಾನಿಗಳೇ ಹೇಳುತ್ತಾರೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅದು ಶುದ್ಧೀಕರಿಸಿದ ಜಿಪಿಎಕ್ಸ್4ನ್ನು ನೇರವಾಗಿ ತಡೆಯುವುದಿಲ್ಲ, ಥಯೊರೆಡಾಕ್ಸಿನ್ ರಿಡಕ್ಟೇಸ್ ಎಂಬ ಇನ್ನೊಂದು ಸೆಲೆನಿಯಂ ಕಿಣ್ವವನ್ನು ತಡೆಯುತ್ತದೆ ಎಂದು ವಾದಿಸಿತು. ಆ ಚರ್ಚೆ ಗಂಭೀರವಾದದ್ದು. ಆದರೆ ನನ್ನ ವಾದ ಈ ಒಂದು ಅಣುವಿಗೆ ಜೋತುಬಿದ್ದಿಲ್ಲ. ಇಲಿಗಳಲ್ಲಿ ಜಿಪಿಎಕ್ಸ್4 ಜೀನನ್ನೇ ಕಳೆದಾಗಲೂ ಮೂತ್ರಪಿಂಡದ ಕೋಶಗಳು ಹೀಗೆಯೇ ಸತ್ತು ಇಲಿಗಳು ಸಾಯುತ್ತವೆ ಎಂದು ಕಾನ್ರಾಡ್ ಗುಂಪು 2014ರಲ್ಲಿ ತೋರಿಸಿತು. ಅಲ್ಲಿ ಆರ್‌ಎಸ್‌ಎಲ್3 ಇರಲೇ ಇಲ್ಲ. ಇನ್ನೊಂದು ಕಡೆ, ಜಿಪಿಎಕ್ಸ್4ನ್ನು ಹೆಚ್ಚಾಗಿ ತಯಾರಿಸುವಂತೆ ಮಾಡಿದ ಕೋಶಗಳು ಆರ್‌ಎಸ್‌ಎಲ್3ಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇದ್ದರೆ ಬದುಕು, ಇಲ್ಲದಿದ್ದರೆ ಸಾವು: ಅನ್ವಯ ಮತ್ತು ವ್ಯತಿರೇಕ ಎರಡೂ ಸಿದ್ಧವಾಗಿವೆ. ಕಾರಣವೆಂದು ಹೇಳಲು ನಾವು ಬೇರೆಲ್ಲ ಕಡೆ ಕೇಳುವುದು ಇಷ್ಟನ್ನೇ.

ಎರಡನೆಯದು ಭಾರವಾದ ಆಕ್ಷೇಪ. ಅಭಾವ ಏನನ್ನೂ ಮಾಡಲಾರದು. ಅದಕ್ಕೆ ಕೈಯಿಲ್ಲ, ಕಾಲಿಲ್ಲ. ಅದನ್ನು ಕಾರಣವೆಂದರೆ ಜಗತ್ತಿನಲ್ಲಿ ಇಲ್ಲದ್ದೆಲ್ಲವೂ ಕಾರಣವಾಗಿಬಿಡುತ್ತದೆ. ತಟ್ಟೆಯಲ್ಲಿ ಫೆರೋಸ್ಟ್ಯಾಟಿನ್ ಇರಲಿಲ್ಲ, ಡೆಫೆರಾಕ್ಸಮೀನ್ ಇರಲಿಲ್ಲ. ಇದ್ದಿದ್ದರೆ ಕೋಶ ಬದುಕುತ್ತಿತ್ತು. ಹಾಗಾದರೆ ಅವೆಲ್ಲದರ ಅಭಾವವೂ ಕೋಶವನ್ನು ಕೊಂದಿತೇ? ಮೊದಲ ಭಾಗಕ್ಕೆ ಉತ್ತರವನ್ನು ನಮ್ಮ ದೇಹವೇ ಕೊಡುತ್ತದೆ. 2019ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು, ಗಡ್ಡೆಯೊಳಗೆ ಹೊಕ್ಕ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತವನ್ನು ಬಿಟ್ಟು, ಕ್ಯಾನ್ಸರ್ ಕೋಶಗಳಲ್ಲಿ ಸಿಸ್ಟೀನ್ ಒಳಬರುವ ಬಾಗಿಲುಗಳ ತಯಾರಿಯನ್ನು ತಗ್ಗಿಸುತ್ತವೆ, ಹೀಗೆ ಅವು ಫೆರಾಪ್ಟೋಸಿಸ್‌ಗೆ ಈಡಾಗುವಂತೆ ಮಾಡುತ್ತವೆ ಎಂದು ತೋರಿಸಿದರು. ಎರಾಸ್ಟಿನ್ ಮಾಡುವುದನ್ನೇ ನಮ್ಮ ರೋಗನಿರೋಧಕ ವ್ಯವಸ್ಥೆ ತನ್ನದೇ ರೀತಿಯಲ್ಲಿ ಮಾಡುತ್ತಿದೆ. ಟಿ ಕೋಶ ಏನೂ ಮಾಡಲಿಲ್ಲ, ಗಡ್ಡೆಯ ಕೋಶ ತಾನಾಗಿ ಸತ್ತಿತು ಎಂದು ಯಾವ ರೋಗನಿರೋಧ ತಜ್ಞರೂ ಹೇಳುವುದಿಲ್ಲ. ಕಾವಲನ್ನು ಕಳೆಯುವುದೇ ಅದರ ಆಯುಧ. ಎರಡನೆಯ ಭಾಗವನ್ನು ನಾನು ತಪ್ಪಿಸಿಕೊಳ್ಳದೆ ಒಪ್ಪುತ್ತೇನೆ. ಫೆರೋಸ್ಟ್ಯಾಟಿನ್‌ನ ಅಭಾವವೂ ಕಾರಣಸಾಮಗ್ರಿಯ ಒಳಗೇ ಇದೆ. ನೈಯಾಯಿಕರೂ ಪ್ರತಿಬಂಧಕಗಳೆಲ್ಲದರ ಅಭಾವ ಬೇಕು ಎಂದೇ ಹೇಳುತ್ತಾರೆ. ಆದರೆ ಕಾರಣಗಳು ಎಷ್ಟಿವೆ ಎಂಬುದು ಒಂದು ಪ್ರಶ್ನೆ, ಅವುಗಳಲ್ಲಿ ಯಾವುದಕ್ಕೆ ಯಾರು ಉತ್ತರ ಹೇಳಬೇಕು ಎಂಬುದು ಇನ್ನೊಂದು. ಫೆರೋಸ್ಟ್ಯಾಟಿನ್ ಕೋಶದ ಸಂಸಾರದಲ್ಲಿ ಎಂದೂ ಇರಲಿಲ್ಲ. ಕೋಶ ಅದನ್ನು ನಂಬಿ ತನ್ನ ಪೊರೆಯನ್ನು ಕಟ್ಟಿಕೊಂಡಿರಲಿಲ್ಲ. ಜಿಪಿಎಕ್ಸ್4ನ್ನು ನಂಬಿಕೊಂಡಿತ್ತು. ನಿಂತಿದ್ದ ಕಾವಲನ್ನು ತೆಗೆಯುವುದಕ್ಕೂ, ಎಂದೂ ಇಲ್ಲದ ಕಾವಲನ್ನು ತಂದು ನಿಲ್ಲಿಸದಿರುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಇರುವುದು ಹೊಣೆಯಲ್ಲಿ, ಕಾರಣತ್ವದಲ್ಲಲ್ಲ. ಇವೆರಡನ್ನೂ ಬೆರೆಸಿಬಿಟ್ಟದ್ದೇ ನಮ್ಮ ಗೊಂದಲದ ಮೂಲ ಎಂದು ನನಗೆ ಅನ್ನಿಸುತ್ತದೆ.

ಧರ್ಮದ ಕಡೆಯಿಂದ ಬರುವ ಆಕ್ಷೇಪವೂ ಒಂದಿದೆ. ಆಯುಸ್ಸು ಮುಗಿದಿತ್ತು, ಉಳಿದವರೆಲ್ಲ ನಿಮಿತ್ತ ಮಾತ್ರ ಎಂದು ಭಕ್ತರು ಹೇಳುತ್ತಾರೆ. ಗೀತೆಯ ಹನ್ನೊಂದನೆಯ ಅಧ್ಯಾಯದ ಆಧಾರವೂ ಅವರಿಗಿದೆ. ದುಃಖದಲ್ಲಿರುವವರಿಗೆ ಈ ಮಾತು ಕೊಡುವ ಆಸರೆಯನ್ನು ಕಸಿದುಕೊಳ್ಳುವ ಇಚ್ಛೆ ನನಗಿಲ್ಲ. ಆದರೂ ನಿಮಿತ್ತನಾಗುವುದು ಎಂದರೆ ಕಾರಣನಲ್ಲದವನಾಗುವುದು ಎಂದಲ್ಲ. ಸಮವಾಯಿ, ಅಸಮವಾಯಿ, ನಿಮಿತ್ತ ಎಂದು ನ್ಯಾಯವೈಶೇಷಿಕರು ಹೇಳುವ ಮೂರು ಕಾರಣಗಳಲ್ಲಿ ನಿಮಿತ್ತವೂ ಒಂದು. ಮಡಕೆಗೆ ಕುಂಬಾರ ನಿಮಿತ್ತಕಾರಣ. ಕುಂಬಾರನಿಗೂ ಮಡಕೆಗೂ ಸಂಬಂಧವಿಲ್ಲ ಎಂದು ಯಾರೂ ವಾದಿಸಲಿಲ್ಲ. ದೇವರ ಇಚ್ಛೆಯನ್ನು ಒಪ್ಪಿದವನೂ ತನ್ನ ಕೈ ಏನು ಮಾಡಿತು ಎಂಬುದಕ್ಕೆ ಉತ್ತರ ಹೇಳಬೇಕಾಗುತ್ತದೆ.

ತಟ್ಟೆಯ ಮೇಲಿನ ಕೋಶದಿಂದ ಮನುಷ್ಯನಿಗೆ ಜಿಗಿಯುವುದು ಸರಿಯೇ ಎಂದು ಕೇಳಬಹುದು. ಕೋಶಕ್ಕೆ ನೋವಿಲ್ಲ, ಇಚ್ಛೆಯಿಲ್ಲ, ಒಪ್ಪಿಗೆ ಕೊಡುವ ಬಾಯಿಲ್ಲ. ನಿಜ. ಕೋಶದ ಸಾವಿನಿಂದ ಮನುಷ್ಯನ ಸಾವಿನ ನೀತಿಯನ್ನು ನಾನು ಹಿಂಡಿ ತೆಗೆಯುತ್ತಿಲ್ಲ. ಎರಡಕ್ಕೂ ಸಾಮಾನ್ಯವಾಗಿರುವುದು ಒಂದೇ ಒಂದು, ಕಾರಣ ಎಂಬ ಪರಿಕಲ್ಪನೆ. ಅಭಾವ ಒಂದೆಡೆ ಕಾರಣವಾಗಬಲ್ಲದಾದರೆ, ಅಭಾವ ಕಾರಣವೇ ಆಗಲಾರದು ಎಂಬ ಆಧಾರದ ಮೇಲೆ ಇನ್ನೊಂದೆಡೆ ಯಾರೂ ನಿಲ್ಲುವಂತಿಲ್ಲ. ಆದರೆ ನಮ್ಮ ಕಾನೂನಿನ ಮಾತು ನಿಂತಿರುವುದು ಬಹುಮಟ್ಟಿಗೆ ಅಲ್ಲೇ. ಅರುಣಾ ಶಾನಭಾಗ್ ಅವರ ಪ್ರಕರಣದಲ್ಲಿ 2011ರ ಮಾರ್ಚ್ 7ರಂದು ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಕ್ರಿಯ ದಯಾಮರಣ, ನಿಷ್ಕ್ರಿಯ ದಯಾಮರಣ ಎಂದು ಎರಡು ಮಾಡಿ, ಎರಡನೆಯದಕ್ಕೆ ಷರತ್ತುಗಳೊಡನೆ ಅವಕಾಶ ಕೊಟ್ಟಿತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸಂವಿಧಾನ ಪೀಠ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿಯಿತು. ಜೀವರಕ್ಷಕ ಯಂತ್ರವನ್ನು ತೆಗೆದಾಗ ರೋಗಿ ಸಾಯುವುದು ರೋಗದಿಂದ, ವೈದ್ಯರಿಂದಲ್ಲ ಎಂಬುದು ಈ ವಿಂಗಡಣೆಯ ಹಿಂದೆ ಮತ್ತೆ ಮತ್ತೆ ಬರುವ ಸಮರ್ಥನೆ. ಕೋಶ ಸತ್ತದ್ದು ಕಬ್ಬಿಣದಿಂದ, ಆರ್‌ಎಸ್‌ಎಲ್3ನಿಂದಲ್ಲ ಎಂದಂತೆಯೇ ಇದು. ಅರ್ಧ ಸತ್ಯ. ರೋಗವೂ ಕಾರಣ, ಯಂತ್ರದ ಅಭಾವವೂ ಕಾರಣ, ಆ ಅಭಾವವನ್ನು ತಂದ ಕೈಯೂ ಕಾರಣ.

ಹಾಗಾದರೆ ವೆಂಟಿಲೇಟರ್ ತೆಗೆದ ವೈದ್ಯರು ಕೊಲೆಗಾರರೇ ಎಂದು ಕೆಲವರು ಗಾಬರಿಯಾಗಬಹುದು. ಈ ಗಾಬರಿಯೇ ಕಾರಣವನ್ನೂ ತಪ್ಪನ್ನೂ ಒಂದೇ ಎಂದು ತಿಳಿದದ್ದರ ಫಲ. ಕಾರಣವಾದವರೆಲ್ಲ ತಪ್ಪಿತಸ್ಥರಲ್ಲ. ತಪ್ಪು ನಿರ್ಧಾರವಾಗುವುದು ಬೇರೆ ಪ್ರಶ್ನೆಗಳಿಂದ: ಆ ಕಾವಲು ಯಾರದು, ಅದು ಇನ್ನೂ ಯಾರ ಒಳಿತನ್ನು ಕಾಯುತ್ತಿದೆ, ತೆಗೆಯುವಂತೆ ಯಾರು ಹೇಳಿದರು, ತೆಗೆಯುವವರ ಉದ್ದೇಶವೇನು. ವೆಂಟಿಲೇಟರ್ ರೋಗಿಯ ದೇಹದೊಳಕ್ಕೆ ಹೊಕ್ಕಿರುವ ಕಾವಲು. ತನ್ನ ದೇಹದೊಳಗೆ ಏನಿರಬೇಕು ಎಂದು ಹೇಳುವ ಅಧಿಕಾರ ರೋಗಿಯದು. ಬದುಕಿನ ಕಡೆಗೆ ಮರಳುವ ದಾರಿ ಮುಚ್ಚಿ, ಸಾವನ್ನು ಮುಂದೂಡುವುದಷ್ಟೇ ಉಳಿದಾಗ, ಬೇಡ ಎಂದು ಅವನು ಮುಂಚೆಯೇ ಬರೆದಿಟ್ಟಿದ್ದರೆ, ತೆಗೆದ ಕೈ ಅವನ ಮಾತನ್ನು ನಡೆಸಿದ ಕೈ. ಅದು ಸರಿ ಎನ್ನಲು ಆ ಕೈ ಏನೂ ಮಾಡಲಿಲ್ಲ ಎಂಬ ಸುಳ್ಳು ಬೇಕಾಗಿಲ್ಲ. ಇದೇ ಮಾತನ್ನು ತಿರುಗಿಸಿಯೂ ನೋಡಬೇಕು. ಹಣ ಕಟ್ಟಲಿಲ್ಲವೆಂದು ಒಬ್ಬ ಬಡವನ ಆಮ್ಲಜನಕದ ಕೊಳವೆ ತೆಗೆದರೆ, ಅವನು ಸತ್ತದ್ದು ನ್ಯುಮೋನಿಯಾದಿಂದ ಎಂಬ ಪ್ರಮಾಣಪತ್ರದ ಹಿಂದೆ ಅಡಗಿಕೊಳ್ಳಲು ಯಾರಿಗೂ ಬಿಡಬಾರದು. ಕಾರಣತ್ವವನ್ನು ನಿರಾಕರಿಸುವ ಮಾತು ಒಳ್ಳೆಯ ವೈದ್ಯನಿಗೆ ಕೊಡುವ ರಕ್ಷಣೆಯನ್ನೇ ಈ ಕ್ರೌರ್ಯಕ್ಕೂ ಕೊಡುತ್ತದೆ. ಆ ಕಾರಣಕ್ಕಾಗಿ ನನಗೆ ಅದು ಬೇಡ. ಇಷ್ಟಾದರೆ ಮಾರಕ ಚುಚ್ಚುಮದ್ದಿಗೂ ಯಂತ್ರ ತೆಗೆಯುವುದಕ್ಕೂ ವ್ಯತ್ಯಾಸವೇ ಇಲ್ಲವೇ? ಇದೆ. ನನ್ನ ದೇಹದಿಂದ ಒಂದನ್ನು ಹೊರಗಿಡುವ ಹಕ್ಕು ನನಗಿದೆ ಎಂದ ಮಾತ್ರಕ್ಕೆ ಇನ್ನೊಬ್ಬನ ಕೈಯಿಂದ ಹೊಸದೊಂದನ್ನು ಒಳಹಾಕಿಸಿಕೊಳ್ಳುವ ಹಕ್ಕು ಬರುವುದಿಲ್ಲ. ಗೆರೆ ಉಳಿಯುತ್ತದೆ, ಆದರೆ ಅಧಿಕಾರದ ನೆಲದ ಮೇಲೆ, ಕಾರಣದ ನೆಲದ ಮೇಲಲ್ಲ.

ಕ್ಯಾನ್ಸರ್ ಸಂಶೋಧನೆಗೂ ಈ ಎಚ್ಚರ ಬೇಕು. ಆರ್‌ಎಸ್‌ಎಲ್3 ತನ್ನ ಹೆಸರಿನಲ್ಲೇ ರಾಸ್ ಕೋಶಗಳನ್ನು ಆರಿಸಿ ಕೊಲ್ಲುವ ಭರವಸೆಯನ್ನು ಹೊತ್ತು ಬಂದಿತ್ತು. ಆದರೆ 2014ರಲ್ಲಿ 177 ಕ್ಯಾನ್ಸರ್ ಕೋಶಸಂತತಿಗಳನ್ನು ಪರೀಕ್ಷಿಸಿದಾಗ, ಈ ಸಾವಿಗೆ ಹೆಚ್ಚು ಈಡಾಗುವವು ಒಂದು ಬಗೆಯ ಲಿಂಫೋಮಾ ಮತ್ತು ಮೂತ್ರಪಿಂಡದ ಕ್ಯಾನ್ಸರ್ ಎಂದು ಕಂಡಿತು. 2017ರಲ್ಲಿ ಇನ್ನೂ ದೊಡ್ಡ ಆಸೆ ಮೂಡಿತು: ಬೇರೆ ಔಷಧಗಳಿಗೆ ಬಗ್ಗದೆ ಉಳಿದುಕೊಳ್ಳುವ ಹಟಮಾರಿ ಕ್ಯಾನ್ಸರ್ ಕೋಶಗಳೇ ಜಿಪಿಎಕ್ಸ್4ನ್ನು ಹೆಚ್ಚು ಅವಲಂಬಿಸಿವೆ ಎಂದು ಎರಡು ಗುಂಪುಗಳು ತೋರಿಸಿದವು. ರೋಗ ಮರುಕಳಿಸುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ, ಈ ಕೆಲಸ ಮುಂದುವರಿಯಲೇಬೇಕು. ಆದರೆ ಅದೇ ಕಾವಲು ನಮ್ಮ ಮೂತ್ರಪಿಂಡದಲ್ಲಿದೆ, ನರಕೋಶಗಳಲ್ಲಿದೆ, ಕ್ಯಾನ್ಸರಿನೊಡನೆ ಹೋರಾಡುವ ಟಿ ಕೋಶಗಳಲ್ಲೂ ಇದೆ. ಹೊರಗಿನ ಶತ್ರುವಿಗೆ ವಿಷ ಹಾಕುವಂಥ ಕೆಲಸವಲ್ಲ ಇದು. ಎಲ್ಲರ ಮನೆಯ ಮುಂದೆಯೂ ನಿಂತಿರುವ ಒಬ್ಬನೇ ಕಾವಲುಗಾರನನ್ನು ಒಂದು ಮನೆಯ ಮುಂದಿನಿಂದ ಮಾತ್ರ ಕರೆದುಕೊಳ್ಳುವ ಕೆಲಸ. ಆರ್‌ಎಸ್‌ಎಲ್3 ಇಂದಿಗೂ ಪ್ರಯೋಗಾಲಯದ ಸಾಧನವಾಗಿಯೇ ಉಳಿದಿದೆ, ಔಷಧವಾಗಿಲ್ಲ.

ಮತ್ತೆ ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಬರೋಣ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿಷ್ಕ್ರಿಯ ದಯಾಮರಣಕ್ಕೆ ತಾನು ಹಿಂದೆ ಹಾಕಿದ್ದ ಷರತ್ತುಗಳನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದು ಯಾವ ವಯಸ್ಕರೂ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು. ಚಿಕಿತ್ಸೆ ಹಿಂತೆಗೆಯುವ ಮುಂಚೆ ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ರಾಜ್ಯದಲ್ಲಿ ಜಾರಿಗೆ ತರುವ ಆದೇಶ ಹೊರಡಿಸಿತು. ಆ ಮಂಡಳಿಗಳಲ್ಲಿ ಕೂರುವ ವೈದ್ಯರಲ್ಲಿ ನನ್ನ ವಿನಂತಿ ಇಷ್ಟು: ಕುಟುಂಬದವರೊಡನೆ ಮಾತಾಡುವಾಗ ಪ್ರಕೃತಿಗೆ ಬಿಟ್ಟೆವು ಎನ್ನಬೇಡಿ. ನಾವು ತೆಗೆಯುತ್ತಿದ್ದೇವೆ, ತೆಗೆದರೆ ಇವರು ಸಾಯುತ್ತಾರೆ, ಇವರೇ ಹಾಗೆ ಬರೆದಿಟ್ಟಿದ್ದಾರೆ, ಅದನ್ನು ನಡೆಸುವುದು ಸರಿ ಎಂದು ನಾವು ನಿರ್ಧರಿಸಿದ್ದೇವೆ ಎಂದು ಹೇಳಿ. ಆ ನಿರ್ಧಾರದ ಕೆಳಗೆ ನಿಮ್ಮ ಹೆಸರನ್ನು ಬರೆಯಿರಿ.